ಹಿಮದ ಕಾರ್ಟೂನು, ಅನಾನಸ್ ಹೋಳು

ಮೊದಲು ಬಿಳಿ. ಪರದೆಯ ತುಂಬ ಬಿಳಿ. ಆಮೇಲೆ ಮೂಲೆಯಲ್ಲೊಂದು ಕರಿ ಚುಕ್ಕೆ. ಚುಕ್ಕೆ ದೊಡ್ಡದಾಗುತ್ತ ಬಂದು ನಾಯಿಗಳು ಎಳೆಯುವ ಜಾರುಬಂಡಿಯಾಗುವುದು, ಬಂಡಿಯ ಮೇಲೆ ತುಪ್ಪಳದ ಅಂಗಿ ತೊಟ್ಟ ಹುಡುಗಿ. ಹೀಗೆ ಶುರುವಾಗುತ್ತಿತ್ತು ಎಂದು ನಾನು ಹೇಳುತ್ತೇನೆ. ಇಲ್ಲ, ಗಾಳಿಯ ಸದ್ದಿನಿಂದ ಶುರುವಾಗುತ್ತಿತ್ತು ಎಂದು ಗಂಡ ಹೇಳುತ್ತಾರೆ. ಕಾರ್ಟೂನು ಅರಬ್ಬಿಯಲ್ಲಿತ್ತು ಎಂದೂ ಅವರ ವಾದ. ಇಂಗ್ಲಿಷಿನಲ್ಲಿತ್ತು. ಇದೊಂದನ್ನು ನಾನು ಬಿಟ್ಟುಕೊಡುವುದಿಲ್ಲ. ಅರಬ್ಬಿಯಲ್ಲಿದ್ದರೆ ಕೊನೆಗೂ ನನಗೆ ಅದು ಅರ್ಥವಾಗುತ್ತಿರಲಿಲ್ಲ. ಆ ಮಾರ್ಚಿನಲ್ಲಿ ನನ್ನ ಮಗಳು ಅಜ್ಜಿಯ ಜೊತೆ ವಿಮಾನ ಹತ್ತಿ ಹೋಗಿಬಿಡುತ್ತಿದ್ದಳು.

ಸರಣಿಯ ಹೆಸರು ಮರೆತಿದೆ. ಹುಡುಕಿದ್ದೇನೆ, ಸಿಕ್ಕಿಲ್ಲ. ಉತ್ತರ ಧ್ರುವದ ಹತ್ತಿರ ಬದುಕುವ ಇನುಯಿಟ್ ಜನರ ಒಂದು ಸಂಸಾರ: ಅಪ್ಪ, ಅಮ್ಮ, ಹುಡುಗಿ, ಮತ್ತು ಅಮ್ಮನ ಅಂಗಿಯ ಬೆನ್ನಿಗಿದ್ದ ದೊಡ್ಡ ಟೊಪ್ಪಿಗೆಯೊಳಗೆ ಕೂತು ಇಣುಕುವ ಕೂಸು. ಸೀಲ್ ಬೇಟೆ, ಎಣ್ಣೆ ದೀಪ, ಮಂಜಿನಲ್ಲಿ ದಾರಿ ತಪ್ಪುವುದು, ಸಿಗುವುದು. ದಾವಣಗೆರೆಯ ನಮ್ಮ ಶಾಲೆಯ ಪುಸ್ತಕದಲ್ಲಿ ಇವರನ್ನು ಎಸ್ಕಿಮೊ ಎಂದು ಕರೆದಿದ್ದರು. ಹಿಮದ ಮನೆಯ ಚಿತ್ರಕ್ಕೆ ಬಣ್ಣ ಹಚ್ಚಲು ಹೇಳಿದಾಗ ನಾವು ಏನೂ ಹಚ್ಚದೆ ಪೂರ್ತಿ ಅಂಕ ಪಡೆದಿದ್ದೆವು.

ಕಾರ್ಟೂನನ್ನು ನಾನು ಕೂತು ನೋಡಿರಲಿಲ್ಲ. ಮಗಳು ನೋಡುತ್ತಿದ್ದಳು, ನಾನು ಅಡುಗೆಮನೆಯಿಂದ ಕೇಳಿಸಿಕೊಳ್ಳುತ್ತಿದ್ದೆ. ಕೇಳಿಸಿಕೊಳ್ಳುತ್ತಿದ್ದೆ ಅಂದರೂ ತಪ್ಪು. ಅದು ಬಹರೇನಿನ ಎ.ಸಿ. ಸದ್ದಿನ ಹಾಗೆ, ಇದ್ದಾಗ ಇರುವುದು ತಿಳಿಯುತ್ತಿರಲಿಲ್ಲ.

ಮನೆ ವಿಮಾನ ನಿಲ್ದಾಣದ ಹತ್ತಿರದ ಬುಸೈತೀನಿನಲ್ಲಿ, ಎರಡನೆಯ ಮಹಡಿಯಲ್ಲಿತ್ತು. ವಿಮಾನಗಳು ಇಳಿಯುವಾಗ ಕಿಟಕಿಯ ಗಾಜು ಝುಮ್ಮೆನ್ನುತ್ತಿತ್ತು, ಮಗಳು ತಲೆಯೆತ್ತಿ ಚಾವಣಿ ನೋಡುತ್ತಿದ್ದಳು. ಕಿವಿ ಕೇಳುತ್ತದೆ ಎಂಬುದಕ್ಕೆ ಅಷ್ಟು ಸಾಕಿತ್ತು. ಆದರೂ ಅವಳ ಬೆನ್ನ ಹಿಂದೆ ಸ್ಟೀಲ್ ತಟ್ಟೆ ಬೀಳಿಸಿ ಪರೀಕ್ಷೆ ಮಾಡಿದ್ದೇನೆ. ಅವಳು ತಿರುಗಿ ನೋಡಿ, ತಟ್ಟೆ ಎತ್ತಿ ನನ್ನ ಕೈಗೆ ಕೊಟ್ಟಳು. ಮೂರು ವರ್ಷ ತುಂಬಿತ್ತು. ಒಂದು ಮಾತೂ ಆಡಿರಲಿಲ್ಲ.

ಮಾತಿಗೆ ಬರ ಇತ್ತೆಂದಲ್ಲ. ನನ್ನದು ದಾವಣಗೆರೆಯ ಕನ್ನಡ. ಗಂಡ ಉಡುಪಿ ಕಡೆಯವರು, ಮಗಳೊಡನೆ ತುಳು. ನಾನು ಆಫೀಸಿಗೆ ಹೋದಾಗ ಅವಳನ್ನು ನೋಡಿಕೊಳ್ಳುತ್ತಿದ್ದ ಕೆಳಗಿನ ಮನೆಯ ಆಂಟಿ ಮಲಯಾಳಿ. ಕಟ್ಟಡ ಕಾಯುವವನ ಉರ್ದು. ಇಲ್ಲಿ ಮೂಲೆಯ ಕಿರಾಣಿ ಅಂಗಡಿಯನ್ನು ಕೋಲ್ಡ್ ಸ್ಟೋರ್ ಅನ್ನುತ್ತಾರೆ. ಅಲ್ಲಿ ಸದಾ ಕೂತಿರುತ್ತಿದ್ದ ಅರಬ್ ಮುದುಕ ಅವಳ ಗಲ್ಲ ಹಿಡಿದು ‘ಶ್ಲೋನಿಚ್?’ ಎಂದು ಕ್ಷೇಮ ವಿಚಾರಿಸುತ್ತಿದ್ದ. ಎಲ್ಲರೂ ಅವಳತ್ತ ಮಾತು ಎಸೆಯುವವರೇ. ಅವಳು ಯಾವುದನ್ನೂ ಹಿಡಿಯಲಿಲ್ಲ.

ಚಳಿಗಾಲಕ್ಕೆ ಅತ್ತೆ ವಿಸಿಟ್ ವೀಸಾದಲ್ಲಿ ಬಂದರು. ಬಂದ ಮರುದಿನವೇ ಮೊಮ್ಮಗಳ ನಾಲಿಗೆ ಎಳೆದು ನೋಡಿ, “ನಾಲಿಗೆ ಸರಿ ಉಂಟು, ಕಿವಿ ಸರಿ ಉಂಟು. ಮತ್ತೆ ಎಂತ ಆಯ್ತು ಇದಕ್ಕೆ? ನೀವು ಇಬ್ಬರೂ ಇವಳ ಹತ್ರ ಮಾತಾಡ್ತೀರಾ ಇಲ್ವಾ?” ಎಂದರು.

ಅತ್ತೆ ಬಂದಮೇಲೆ ಮನೆಯಲ್ಲಿ ಬೆಳಗಿನಿಂದ ಒಂದೇ ಕೂಗು. ‘ಅಮ್ಮಾ, ಟವೆಲ್ ಎಲ್ಲಿ?’ ‘ಅಮ್ಮಾ, ಚಾ ಆಯ್ತಾ?’ ಮದುವೆಯಾಗಿ ಆರು ವರ್ಷವಾಗಿದ್ದರೂ ಗಂಡ ತಾಯಿಯ ಮುಂದೆ ಎಂಟನೆಯ ತರಗತಿಗೆ ಇಳಿದುಬಿಟ್ಟರು. ನನ್ನನ್ನು ಮಾತ್ರ ‘ಏ, ಇಲ್ಲಿ ನೋಡು’ ಎನ್ನುತ್ತಿದ್ದರು. ಹೆಸರು ಹಿಡಿದು ಕರೆಯುವ ರೂಢಿ ಅವರಿಗಿರಲಿಲ್ಲ. ಅತ್ತೆಗೆ ನಾನು ‘ಮಾರಾಯ್ತಿ’. ಇದು ಆಗ ನನಗೆ ಮುಖ್ಯವೆಂದು ತೋರಿರಲಿಲ್ಲ. ತೋರಿತ್ತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ, ಅಷ್ಟೆ.

ಆ ಶಬ್ದ ಬಂದದ್ದು ಒಂದು ಸಂಜೆ. ನಾನು ಆಫೀಸಿನಿಂದ ಬಂದು ಚಪ್ಪಲಿ ಬಿಡುತ್ತಿದ್ದೆ. ಮಗಳು ಪಡಸಾಲೆಯ ನಡುವೆ ನಿಂತು, ಎರಡೂ ಕೈ ನನ್ನತ್ತ ಚಾಚಿ, ಸ್ಪಷ್ಟವಾಗಿ ಹೇಳಿದಳು: “ಅನಾನ.”

ಅಡುಗೆಮನೆಯಿಂದ ಅತ್ತೆ ಸೌಟು ಹಿಡಿದೇ ಓಡಿಬಂದರು. “ಕೇಳಿತಾ? ಕೇಳಿತಾ ನಿನಗೆ? ಅನಾನಸ್ ಅಂದಳು ಬಾಲೆ!”

ಹಿಂದಿನ ದಿನ ಅತ್ತೆ ಅನಾನಸಿನ ಮೆಣಸ್ಕಾಯಿ, ಅವರ ಕಡೆಯ ಸಿಹಿಖಾರದ ಗೊಜ್ಜು, ಮಾಡಿದ್ದರು. ಅದನ್ನು ಮಗಳ ನಾಲಿಗೆಗೆ ನೆಕ್ಕಿಸಿದ್ದರು ಕೂಡ. ಹಾಗಾಗಿ ನಮಗೆ ಅನುಮಾನವೇ ಬರಲಿಲ್ಲ. ಗಂಡ ಲುಂಗಿಯಲ್ಲೇ ಕೋಲ್ಡ್ ಸ್ಟೋರಿಗೆ ಓಡಿ, ತಾಜಾ ಹಣ್ಣು ಸಿಗದೆ ಅನಾನಸ್ ಡಬ್ಬಿ ತಂದರು. ಅತ್ತೆ ಉಡುಪಿಗೆ ಫೋನ್ ಹಚ್ಚಿ, ಎತ್ತಿದವರಿಗೆಲ್ಲ ಹೇಳಿದರು. ನನ್ನ ಕಡೆ ತಿರುಗಿ, “ಅಮ್ಮ ಅನ್ನುವ ಮೊದಲು ಅನಾನಸ್ ಅಂದಳು ನೋಡು. ಅಜ್ಜಿಯ ಕೈಯ ರುಚಿ ಅಂದ್ರೆ ಹಾಗೆ. ನಿನ್ನ ಅವಲಕ್ಕಿ ಒಗ್ಗರಣೆಗೆ ಬಾಯಿ ಬಿಡ್ಲಿಲ್ಲ ಅದು” ಎಂದರು. ನಾನೂ ನಕ್ಕೆ. ಒಂದು ಶಬ್ದ ಬಂದಿತ್ತಲ್ಲ, ಇನ್ನೊಂದೂ ಬರುತ್ತದೆ ಎಂದುಕೊಂಡೆ.

ಮಗಳು ಹೋಳನ್ನು ಬಾಯಿಗೆ ಹಾಕಿಕೊಂಡು ಉಗಿದಳು.

ಅಂದಿನಿಂದ ದಿನವೂ ಅದೇ. ಅವಳು ‘ಅನಾನ’ ಅನ್ನುವುದು, ನಾವು ಹೋಳು ಕೊಡುವುದು, ಅವಳು ಉಗಿಯುವುದು. ಫ್ರಿಜ್ಜಿನಲ್ಲಿ ಹೆಚ್ಚಿಟ್ಟ ಹಣ್ಣಿನ ಡಬ್ಬ ಖಾಲಿಯಾಗದಂತೆ ನೋಡಿಕೊಂಡೆವು. ಒಮ್ಮೆ ಸಕ್ಕರೆ ಹಾಕಿದೆ, ಒಮ್ಮೆ ಉಪ್ಪು ಹಾಕಿದೆ. ಒಮ್ಮೆ ರಸ ಹಿಂಡಿ ಲೋಟಕ್ಕೆ ಸ್ಟ್ರಾ ಇಟ್ಟೆ. ಅವಳು ಲೋಟ ತಳ್ಳಿ, ನೆಲದ ಮೇಲೆ ಬಿದ್ದು ಹೊರಳಿ ಅತ್ತಳು. “ಕೇಳ್ತದೆ, ಕೊಟ್ರೆ ಬೇಡ. ಇದು ಇವನದೇ ಹಟ” ಎಂದು ಅತ್ತೆ ಮಗನ ಕಡೆ ಕೈ ತೋರಿಸಿದರು. ಆದರೆ ಅವರ ದನಿಯಲ್ಲಿ ಮೊದಲಿನ ಹುರುಪು ಇರಲಿಲ್ಲ. ರಾತ್ರಿಯ ಊಟಕ್ಕೆ ಕೂತಾಗ ಮೂವರೂ ಅವಳ ಬಾಯಿಯನ್ನೇ ನೋಡುತ್ತಿದ್ದೆವು.

ಮನಾಮಾದ ಮಕ್ಕಳ ಡಾಕ್ಟರೊಬ್ಬರ ಬಳಿ ಹೋದೆವು. ಹೈದರಾಬಾದಿನವರು, ಸಮಾಧಾನಿ. ಅತ್ತೆ ಹೊರಗೆ ಬೆಂಚಿನ ಮೇಲೆ ಕೂತರು. ಒಳಗೆ ಮಗಳು ನನ್ನ ತೊಡೆಯ ಮೇಲೆ. ಯಾವ ಶಬ್ದ ಆಡುತ್ತಾಳೆ ಎಂದು ಕೇಳಿದರು. ಒಂದೇ, ಅನಾನಸ್ ಎಂದೆವು. ಪರ್ಸಿನಲ್ಲಿದ್ದ ಡಬ್ಬ ತೆಗೆದು ತೋರಿಸಿದೆ. ಮಗಳು ಮುಖ ತಿರುಗಿಸಿದಳು. ಡಾಕ್ಟರ್ ಹೋಳೊಂದನ್ನು ಎತ್ತಿ ಹಿಡಿದು ಇದೇನು ಎಂದು ಕೇಳಿದರು. ಅವಳು ಉತ್ತರಿಸಲಿಲ್ಲ. ಆಮೇಲೆ ಅವರು ಹಿಂದಿಯಲ್ಲಿ, ಮೆಲ್ಲಗೆ, “ಅಮ್ಮಾ ಎಲ್ಲಿ ಬೇಟಾ? ಅಮ್ಮಾನ ತೋರಿಸು” ಎಂದರು.

ಮಗಳು ನನ್ನ ತೊಡೆಯಿಂದ ಜಾರಿ ಇಳಿದಳು. ನೆಟ್ಟಗೆ ಬಾಗಿಲಿನ ಹತ್ತಿರ ಹೋಗಿ ಅದಕ್ಕೆ ಅಂಗೈ ಒತ್ತಿ ನಿಂತಳು.

“ಹೊರಗೆ ಹೋಗ್ಬೇಕಂತೆ” ಎಂದರು ಗಂಡ.

ಡಾಕ್ಟರು ಕಂಡದ್ದನ್ನು ಹೇಳಿದರು. ಒಂದು ಶಬ್ದ ಇದೆ, ಆದರೆ ಅದಕ್ಕೆ ಅರ್ಥ ಅಂಟಿಲ್ಲ. ವಸ್ತುವನ್ನು ಗುರುತಿಸುತ್ತಿಲ್ಲ. ತಾಯಿಯನ್ನೂ ತೋರಿಸಲಿಲ್ಲ. ಕೆಲವು ತಿಂಗಳು ಒಂದೇ ಭಾಷೆ ಕೇಳಲಿ, ಸುತ್ತ ಜನ ಇರಲಿ, ಓರಗೆಯ ಮಕ್ಕಳಿರಲಿ. ಟಿವಿ ಬಂದ್ ಮಾಡಿ. ಆಮೇಲೂ ಹೀಗೇ ಇದ್ದರೆ ದೊಡ್ಡ ಪರೀಕ್ಷೆಗಳನ್ನು ಮಾಡಿಸೋಣ.

ಮನೆಗೆ ಮರಳುವಾಗ ಮುಹರ್ರಖ್ ಸೇತುವೆಯ ಮೇಲೆ ಕಾರು ನಿಂತು ನಿಂತು ಚಲಿಸುತ್ತಿತ್ತು. ಹಿಂದಿನ ಸೀಟಿನಲ್ಲಿ ಅತ್ತೆಯ ತೊಡೆಯ ಮೇಲೆ ಮಗಳು. ಅತ್ತೆಯೇ ಮಾತು ಶುರು ಮಾಡಿದರು.

“ಒಂದೇ ಭಾಷೆ ಅಂದ್ರಲ್ಲ ಡಾಕ್ಟ್ರು. ಊರಲ್ಲಿ ಒಂದೇ ಭಾಷೆ. ಪಕ್ಕದ ಮನೆಯಲ್ಲಿ ನಾಲ್ಕು ಮಕ್ಕಳುಂಟು. ನಾನು ಹೋಗುವಾಗ ಇವಳನ್ನು ಕರ್ಕೊಂಡು ಹೋಗ್ತೇನೆ.”

“ಎಷ್ಟು ದಿನಕ್ಕೆ ಅತ್ತೆ?”

“ಮಾತು ಬರುವವರೆಗೆ.”

“ಬರದಿದ್ದರೆ?”

“ಬರದಿದ್ರೆ ಎಂತ, ಇಲ್ಲಿ ಇಟ್ಕೊಂಡ್ರೆ ಬರ್ತದಾ? ನೀನು ಆಫೀಸಿಗೆ, ಇವನು ಆಫೀಸಿಗೆ. ನಂಗೆ ಈ ಪ್ರಾಯದಲ್ಲಿ ಮಗು ಎತ್ಕೊಂಡು ಓಡಾಡ್ಲಿಕ್ಕೆ ಆಸೆ ಅಂತ ತಿಳ್ಕೊಂಡಿಯಾ? ಮೊಣಕಾಲು ನಿಲ್ಲುದಿಲ್ಲ ನಂದು.”

“ನಾನು ಕೆಲಸ ಬಿಡ್ತೀನಿ” ಎಂದೆ.

“ಬಿಟ್ಟು? ನೀನೊಬ್ಬಳೇ ಊರಾಗ್ತೀಯಾ ಅವಳಿಗೆ?”

ನಾನು ಗಂಡನ ಕಡೆ ನೋಡಿದೆ. ಅವರು ಮುಂದಿನ ಕಾರಿನ ಹಿಂದಿನ ದೀಪ ನೋಡುತ್ತಿದ್ದರು. “ಅಮ್ಮ ಹೇಳಿದ್ದರಲ್ಲಿ ತಪ್ಪೇನಿದೆ?” ಎಂದರು ಕೊನೆಗೆ. “ನಮ್ಮ ಸಲುವಾಗಿ ಅಲ್ಲ ಇದು, ಅವಳ ಸಲುವಾಗಿ.” ಇದು ನಿಜವಾಗಿದ್ದುದರಿಂದ ನನಗೆ ಜಗಳವಾಡಲು ಹಿಡಿತ ಸಿಗಲಿಲ್ಲ. ಮಾರ್ಚಿಗೆ ಎರಡು ಟಿಕೆಟ್ ಆಯಿತು, ಒಂದು ದೊಡ್ಡದು, ಒಂದು ಚಿಕ್ಕದು.

ಅಂದೇ ಟಿವಿ ಬಂದ್ ಆಯಿತು. ಮಗಳು ಕಪ್ಪು ಪರದೆಯ ಮುಂದೆ ಕೂತು ಕಾದಳು. ಆಮೇಲೆ ಕಾಯುವುದನ್ನು ಬಿಟ್ಟಳು. ಅನಾನ ಅನ್ನುವುದನ್ನೂ ಬಿಟ್ಟಳು. ಇದ್ದ ಒಂದು ಶಬ್ದವೂ ಹೋಯಿತು. ಸಂಜೆ ನಾನು ಬಂದಾಗ ಬಾಗಿಲವರೆಗೆ ಬಂದು, ನನ್ನನ್ನು ನೋಡಿ, ಬಾಯಿ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತಿದ್ದಳು. ಹೋಳು ಬರುತ್ತದೆ ಎಂಬ ಭಯಕ್ಕೆ ಇರಬೇಕು. ಇದು ನನ್ನ ಊಹೆ. ಆಗ ಅನ್ನಿಸಿದ್ದು ಇಷ್ಟೇ: ಇವಳು ಈಗಾಗಲೇ ಹೊರಟುಬಿಟ್ಟಿದ್ದಾಳೆ.

ಹೊರಡುವ ಮೊದಲಿನ ಶುಕ್ರವಾರ ಬೆಳಿಗ್ಗೆ ಪಡಸಾಲೆಯ ನೆಲದ ಮೇಲೆ ಅವಳ ಬಟ್ಟೆ ಹರವಿಕೊಂಡು ಕೂತಿದ್ದೆ. ಗಂಡ ಅತ್ತೆಯನ್ನು ಕರೆದುಕೊಂಡು ಊರಿಗೆ ಒಯ್ಯುವ ಸಾಮಾನು ಕೊಳ್ಳಲು ಹೋಗಿದ್ದರು. ಮಗಳು ನನ್ನ ಜಾಕೆಟ್ಟಿನ ಟೊಪ್ಪಿಗೆಯೊಳಗೆ ತನ್ನ ಬಟ್ಟೆಯ ಗೊಂಬೆಯನ್ನು ತುರುಕುತ್ತಿದ್ದಳು. ಇದು ಅವಳ ಹಳೆಯ ಆಟ. ನಾನು ಗೊಂಬೆ ತೆಗೆದು ಸೂಟ್‌ಕೇಸಿಗೆ ಹಾಕುವುದು, ಅವಳು ಅದನ್ನು ಹೊರತೆಗೆದು ಮತ್ತೆ ಟೊಪ್ಪಿಗೆಗೆ ಹಾಕುವುದು. ಸಾಕಾಗಿ ಟಿವಿ ಹಾಕಿದೆ. ಇನ್ನೇನು ಕೆಡಲಿಕ್ಕಿತ್ತು?

ಬಿಳಿ ಬಂತು. ಈ ಸಲ ನಾನು ಅಡುಗೆಮನೆಯಲ್ಲಿರಲಿಲ್ಲ, ಪರದೆಯ ಎದುರಿಗೇ ಇದ್ದೆ. ಫ್ರಾಕುಗಳನ್ನು ಮಡಚುತ್ತ ನೋಡಿದೆ. ಗಾಳಿ ಎದ್ದು ಭೂಮಿ ಆಕಾಶ ಒಂದಾಗಿ ಹುಡುಗಿಗೆ ದಾರಿ ತಪ್ಪಿತು. ಮನೆ ಹತ್ತಿರವೇ ಇದೆ, ಆದರೆ ಕಾಣಿಸುತ್ತಿಲ್ಲ. ಹುಡುಗಿ ನಿಂತಲ್ಲೇ ನಿಂತು ಎರಡೂ ಕೈ ಮುಂದೆ ಚಾಚಿ ಕೂಗಿದಳು.

“ಅನಾನ! ಅನಾನ!”

ಕೈಯಲ್ಲಿದ್ದ ಫ್ರಾಕು ಹಾಗೇ ಉಳಿಯಿತು. ಪರದೆಯಲ್ಲಿ ಬಿಳಿಯನ್ನು ಸೀಳಿಕೊಂಡು ತಾಯಿ ಬಂದಳು, ಬೆನ್ನಿನ ಟೊಪ್ಪಿಗೆಯಲ್ಲಿ ಕೂಸು. ಬಂದು, ಬಗ್ಗಿ, ಹುಡುಗಿಯನ್ನು ಅಪ್ಪಿಕೊಂಡಳು. ಹುಡುಗಿ ಅವಳ ಎದೆಗೆ ಮುಖ ಒತ್ತಿ ಮತ್ತೆ ಅಂದಳು, ಅನಾನ. ಇಂಗ್ಲಿಷಿನಲ್ಲೇ ಆಡುವ ಆ ಸಂಸಾರ ತಾಯಿಯನ್ನು ಮಾತ್ರ ತಮ್ಮ ಭಾಷೆಯಲ್ಲಿ ಕರೆಯುತ್ತಿತ್ತು.

ತಿರುಗಿ ನೋಡಿದೆ. ಮಗಳು ಟಿವಿ ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು.

ಇಲ್ಲಿ ಅವಳು ನನ್ನನ್ನು ಕರೆದಳು ಎಂದು ಬರೆಯಬೇಕು ಅನ್ನಿಸುತ್ತದೆ. ಕರೆಯಲಿಲ್ಲ. ನಾನು ‘ಅನಾನಾ?’ ಎಂದು ಎದೆ ಮುಟ್ಟಿಕೊಂಡು ಕೇಳಿದೆ. ಅವಳು ಬಾಯಿ ಮುಚ್ಚಿಕೊಂಡು ಅಡುಗೆಮನೆಯ ಕಡೆ, ಫ್ರಿಜ್ಜಿನ ಕಡೆ, ಹೆದರಿ ನೋಡಿದಳು.

ಅವರಿಬ್ಬರೂ ಚೀಲ ಹೊತ್ತು ಬಂದಾಗ ಬಾಗಿಲಲ್ಲೇ ಹೇಳಿದೆ. ಗಂಡ ನಂಬಲಿಲ್ಲ. ನಂಬಬಾರದು ಎಂದಲ್ಲ, ನಂಬಿ ಮತ್ತೆ ಮೋಸಹೋಗಲು ಅವರಲ್ಲಿ ತ್ರಾಣ ಉಳಿದಿರಲಿಲ್ಲ.

“ಟಿವಿ ನೋಡಿ ಕಲ್ತ ಶಬ್ದ ಇರ್ಬಹುದು. ಗಿಳಿನೂ ಹೇಳ್ತದೆ. ಅರ್ಥ ಗೊತ್ತಿದ್ದು ಹೇಳಿದ್ದಾ?”

“ಯಾವಾಗ ಹೇಳ್ತಿದ್ಲು ಯೋಚ್ನೆ ಮಾಡ್ರೀ. ನಾನು ಬಂದಾಗ, ನಾನು ಹೊರಟಾಗ.”

“ನಿಂಗೆ ಕಳಿಸ್ಲಿಕ್ಕೆ ಮನಸ್ಸಿಲ್ಲ, ಅದಕ್ಕೆ ಹಾಗೆ ಕಾಣ್ತದೆ.”

ಅದೂ ಸುಳ್ಳಲ್ಲ. ಅವಳು ಯಾವಾಗ ಹೇಳುತ್ತಿದ್ದಳು ಎಂಬುದನ್ನು ನಾನು ಮೊದಲೇ ಗಮನಿಸಿದ್ದೆನೋ, ಆ ಗಳಿಗೆಯಲ್ಲಿ ಹೊಲಿದುಕೊಂಡೆನೋ, ಇವತ್ತಿಗೂ ಹೇಳಲಾರೆ.

ಅತ್ತೆ ಚೀಲ ಕೆಳಗಿಟ್ಟು ಸೋಫಾದ ಮೇಲೆ ಕೂತರು. “ಅಲ್ಲಿಯ ಜನ ತಾಯಿಗೆ ಹಾಗೆ ಹೇಳ್ತಾರಾ? ಅನಾನ ಅಂತ?”

“ಹೌದು ಅತ್ತೆ. ನಾನು ಕೇಳ್ದೆ. ಕಿವಿಯಾರೆ ಕೇಳ್ದೆ.”

ಅವರು ನನ್ನನ್ನಲ್ಲ, ಮೊಮ್ಮಗಳನ್ನು ನೋಡಿದರು. “ನೀನು ಹೊರಗೆ ಹೋಗು ಮಾರಾಯ್ತಿ. ಬಾಗಿಲು ಎಳ್ಕೊ. ನಾನು ಹೇಳುವವರೆಗೆ ಒಳಗೆ ಬರ್ಬಾರ್ದು, ಮಾತಾಡ್ಬಾರ್ದು, ಕೆಮ್ಮಬಾರ್ದು. ನೋಡುವ.”

“ಈಗಲೇ ಬೇಡ. ಅವಳು ಬಾಯೇ ಬಿಡ್ತಿಲ್ಲ...”

“ಬಾಯಿ ಬಿಡುದು ಬೇಡ. ನಡಿ.”

ನಡೆಸಿಕೊಂಡೇ ಹೋಗಿ ನನ್ನನ್ನು ಹೊರಗೆ ಬಿಟ್ಟರು. ಕಾರಿಡಾರಿನ ದೀಪ ಯಾರಾದರೂ ಅಲುಗಾಡಿದರೆ ಉರಿಯುವಂಥದ್ದು, ನಿಶ್ಚಲ ನಿಂತರೆ ಆರುವಂಥದ್ದು. ಬಾಗಿಲಿಗೆ ಕಿವಿ ಒತ್ತಿ ನಿಂತೆ, ದೀಪ ಆರಿತು. ನಾನು ಕೈ ಎತ್ತಲಿಲ್ಲ. ಯಾರ ಮನೆಯಿಂದಲೋ ಮೀನು ಹುರಿಯುವ ವಾಸನೆ ಬರುತ್ತಿತ್ತು. ಇಲ್ಲಿಂದ ಮುಂದೆ ನಾನು ಕಂಡದ್ದು ಏನೂ ಇಲ್ಲ, ಬರೀ ಕೇಳಿಸಿದ್ದು.

ಫ್ರಿಜ್ಜಿನ ಬಾಗಿಲು ತೆರೆದ ಸದ್ದು. ಡಬ್ಬದ ಮುಚ್ಚಳದ ಸದ್ದು. ಅತ್ತೆ ಹಣ್ಣನ್ನು ಹೊರಗೆ ತೆಗೆದು, ಕಾಣುವ ಹಾಗೆ ಮೇಜಿನ ಮೇಲಿಟ್ಟಿರಬೇಕು. ಆಮೇಲೆ ಅವರ ದನಿ, ಅಂಗಡಿಯಲ್ಲಿ ಬೆಲೆ ಕೇಳುವಷ್ಟು ಸಹಜವಾಗಿ: “ಅನಾನ ಎಲ್ಲಿ, ಬಾಲೆ?”

ಮತ್ತೆ ಅವರದೇ ದನಿ.

“ಅನಾನ ಎಲ್ಲಿ? ತೋರ್ಸು.”

ಮಗಳ ಕಾಲಲ್ಲಿ ಬೆಳ್ಳಿಯ ಗೆಜ್ಜೆ ಇತ್ತು. ಗೆಜ್ಜೆ ಸದ್ದಾಯಿತು. ನನ್ನಿಂದ ದೂರಕ್ಕೆ ಹೋಯಿತು. ಅಡುಗೆಮನೆಯ ಕಡೆಗೆ. ಅಲ್ಲಿ ಗೆಜ್ಜೆ ನಿಂತಿತು, ಮೇಜಿನ ಹತ್ತಿರ. ಮುಗಿಯಿತು ಅಂದುಕೊಂಡೆ. ಶಬ್ದಕ್ಕೆ ಈಗ ಅರ್ಥ ಅಂಟಿದೆ, ನಾವೇ ಅಂಟಿಸಿದ್ದೇವೆ, ಇಷ್ಟು ದಿನ ಹೋಳಿನ ಮೇಲೆ ಹೋಳು ತುರುಕಿ. ಅಷ್ಟರಲ್ಲಿ ವಿಮಾನವೊಂದು ತಗ್ಗಿನಲ್ಲಿ ಬಂತು. ಇಡೀ ಕಟ್ಟಡ ಅದರ ಸದ್ದಿನಲ್ಲಿ ತುಂಬಿಹೋಗಿ ನನಗೆ ಏನೂ ಕೇಳಿಸದಾಯಿತು. ಅದು ದಾಟಿ ಹೋಗುವವರೆಗೂ ಕತ್ತಲಲ್ಲಿ ಉಸಿರು ಹಿಡಿದು ನಿಂತಿದ್ದೆ.

ದಾಟಿತು.

ಆಮೇಲೆ ಬಾಗಿಲಿನ ಕೆಳಭಾಗದಲ್ಲಿ, ನನ್ನ ಮೊಣಕಾಲಿನ ಎತ್ತರದಲ್ಲಿ, ಆ ಕಡೆಯಿಂದ ಒಂದು ಅಂಗೈ ಬಡಿಯಿತು.

ಮತ್ತೆ ಬಡಿಯಿತು.

ಡಾಕ್ಟರರ ಬಾಗಿಲಿಗೆ ಅಂಗೈ ಒತ್ತಿ ನಿಂತದ್ದು ಆಗ ನೆನಪಾಯಿತು. ಅಮ್ಮಾ ಎಲ್ಲಿ ಎಂದು ಕೇಳಿದ್ದರು. ಅಮ್ಮ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ನಮ್ಮ ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಅಮ್ಮ ಅಂತ ಕರೆಸಿಕೊಳ್ಳುತ್ತಿದ್ದವರು ಅವರೊಬ್ಬರೇ. ಅತ್ತೆ ಬರುವ ಮೊದಲು ಫೋನಿನಲ್ಲೂ ಅವರೇ. ಮಗಳು ಸರಿಯಾಗಿಯೇ ತೋರಿಸಿದ್ದಳು. ಉಳಿದ ನನಗೆ ಮನೆಯಲ್ಲಿ ಹೆಸರಿರಲಿಲ್ಲ. ಅವಳು ಹುಡುಕಿ ತಂದಿದ್ದಳು, ಸಿಕ್ಕ ಕಡೆಯಿಂದ. ಇದು ತೀರ ಅಚ್ಚುಕಟ್ಟಾದ ವಿವರಣೆ, ಅದಕ್ಕೇ ನನಗೆ ಇದರ ಮೇಲೆ ಪೂರ್ತಿ ಭರವಸೆ ಇಲ್ಲ. ಆದರೆ ಆ ಕತ್ತಲಲ್ಲಿ ನನಗೆ ಬೇರೆ ವಿವರಣೆ ಬೇಕಿರಲಿಲ್ಲ.

ಬಾಗಿಲು ತೆರೆಯಿತು. ಬೆಳಕಿನಲ್ಲಿ ಮೂವರೂ ನಿಂತಿದ್ದರು. ಮಗಳು ಕೈ ಚಾಚಿದಳು. ಅವಳು ಆಗ ಆ ಶಬ್ದ ಹೇಳಿದಳು ಎನ್ನುತ್ತಾರೆ ಅತ್ತೆ. ವರ್ಷ ಕಳೆದಂತೆ ಅವರ ಕತೆಯಲ್ಲಿ ಅವಳು ಅದನ್ನು ಹೆಚ್ಚು ಗಟ್ಟಿಯಾಗಿ ಹೇಳುತ್ತಾಳೆ. ನನಗೆ ಕೇಳಿಸಿದ ನೆನಪಿಲ್ಲ. ಎತ್ತಿಕೊಂಡಾಗ ಅವಳ ಗೆಜ್ಜೆ ನನ್ನ ಸೊಂಟಕ್ಕೆ ಒತ್ತಿದ್ದು ನೆನಪಿದೆ, ಒತ್ತಿದ್ದ ಜಾಗ ನೋಯುತ್ತಿತ್ತು.

ಗಂಡ ಮೇಜಿನ ಹತ್ತಿರ ಹೋಗಿ ಅನಾನಸ್ ಡಬ್ಬದ ಮುಚ್ಚಳ ಹಾಕಿದರು. ಹಾಕಿ, ಅದನ್ನೇ ಹಿಡಿದುಕೊಂಡು ನಿಂತರು.

“ಎಂತ ನೋಡ್ತೀ?” ಎಂದರು ಅತ್ತೆ. “ಸಣ್ಣ ಟಿಕೆಟ್ ಕ್ಯಾನ್ಸಲ್ ಮಾಡ್ಸು. ಮತ್ತೆ ಇನ್ನೊಂದು. ಇವತ್ತಿಂದ ನನ್ನನ್ನು ಅಮ್ಮ ಅಂತ ಕರೀಬಾರ್ದು.”

“ಮತ್ತೆ?”

“ಅಜ್ಜಿ ಅನ್ನು. ಇವಳು ಇವಳ ಅಮ್ಮ ಯಾರು ಅಂತ ತಿಳ್ಕೊಳ್ಳುವವರೆಗೆ ಆ ಶಬ್ದ ಈ ಮನೆಯಲ್ಲಿ ನಂಗೆ ಬೇಡ. ನಂಗೆ ಉಡುಪಿಯಲ್ಲಿ ಬೇಕಾದಷ್ಟು ಸಿಗ್ತದೆ.”

ಉಳಿದ ದಿನಗಳಲ್ಲಿ ಮೀಸೆ ಹೊತ್ತ ಮನುಷ್ಯ ಸ್ನಾನದ ಮನೆಯಿಂದ ‘ಅಜ್ಜೀ, ಟವೆಲ್ ಎಲ್ಲಿ?’ ಎಂದು ಕೂಗಿದ್ದನ್ನು ನಾನು ಕೇಳಿದ್ದೇನೆ. ನನ್ನ ಕಡೆ ತಿರುಗಿ, ಮಗಳಿಗೆ ಕೇಳುವಂತೆ, ‘ಅಮ್ಮಾ, ಚಾ ಆಯ್ತಾ?’ ಎಂದು ತೊದಲಿ, ಕಿವಿ ಕೆಂಪು ಮಾಡಿಕೊಂಡದ್ದನ್ನೂ. ಟಿವಿ ಬಂದ್ ಆಗಿಯೇ ಇತ್ತು. ಅನಾನಸ್ ಕೆಳಗಿನ ಮಲಯಾಳಿ ಆಂಟಿಯ ಮನೆಗೆ ಹೋಯಿತು. ಮಗಳು ಬೇರೆ ಮಾತೇನೂ ಆಡಲಿಲ್ಲ. ಆಡುತ್ತಾಳೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ, ಅದರ ಭಯ ಇನ್ನೂ ಬಹಳ ದಿನ ನಮ್ಮ ಜೊತೆ ಊಟಕ್ಕೆ ಕೂತಿತು.

ವಿಮಾನ ನಿಲ್ದಾಣದಲ್ಲಿ ಅತ್ತೆ ಒಂದೇ ಚೀಲ ತಳ್ಳಿಕೊಂಡು ಒಳಗೆ ಹೋದರು. ಗಾಜಿನ ಆ ಕಡೆ ಅವರು ದಾರಿ ತಪ್ಪಿ ಬೇರೆ ಸಾಲಿಗೆ ಹೋಗುತ್ತಿದ್ದುದನ್ನು ಕಂಡ ಗಂಡ ಅಭ್ಯಾಸಬಲದಿಂದ ಜೋರಾಗಿ ಕೂಗಿಬಿಟ್ಟರು: “ಅಮ್ಮಾ!”

ಅತ್ತೆ ತಿರುಗಲಿಲ್ಲ. ಕೇಳಿಸಲಿಲ್ಲವೋ, ಕೊಟ್ಟ ಮಾತಿಗೆ ಕಟ್ಟುಬಿದ್ದರೋ. ನನ್ನ ಸೊಂಟದ ಮೇಲಿದ್ದ ಮಗಳು ತಲೆ ಎತ್ತಿ, ಗಾಜಿನ ಕಡೆ ನೋಡದೆ, ನನ್ನ ಮುಖ ನೋಡಿದಳು.

ಹಾಗೆಂದು ನನ್ನ ನೆನಪು. ಗಂಡ ಹೇಳುವ ಪ್ರಕಾರ ಅವಳು ನಿದ್ದೆ ಮಾಡುತ್ತಿದ್ದಳು.